ತಂತಿಯ ಮೂರನೇ ಪದ

ಶಿಕಾರಿಪುರ
೨೧-೫-೧೯೫೮, ಬುಧವಾರ

ಚಿ. ಸೌ. ಹೂವಿಗೆ ಆಶೀರ್ವಾದಗಳು.

ನಾನಿಲ್ಲಿ ಉಂಡುಕೊಂಡು, ಓಡಾಡಿಕೊಂಡು ಇದ್ದೇನೆ. ನೀನೂ ಅಪ್ಪಯ್ಯನೂ ಕೊಟ್ಟಿಗೆಯ ಮಂದಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬಂದ ಮೂರನೇ ದಿನಕ್ಕೇ ಕಾಗದ ಹಾಕುತ್ತೇನೆ ಎಂದವನು ಹದಿನಾರು ದಿನ ಸುಮ್ಮನಿದ್ದುಬಿಟ್ಟೆ. ‘ಊರಿಗೆಲ್ಲ ಕಾಗದ ಬರ್ಕೊಡೋ ಮೇಷ್ಟ್ರಿಗೆ ಹೆಂಡ್ತಿಗೆ ಬರಿಯೋಕೆ ಮಸಿ ಇಲ್ಲ’ ಎಂದು ನೀನು ಬೈದುಕೊಂಡಿರುತ್ತೀ. ಬೈದುಕೋ, ತಪ್ಪಿಲ್ಲ. ಎರಡು ಸಲ ಬರೆದು ಹರಿದು ಹಾಕಿದೆ. ಇದು ಮೂರನೆಯದು.

ತರಬೇತಿಗೆ ಬಂದವರು ಇಪ್ಪತ್ತೆರಡು ಜನ ಮೇಷ್ಟ್ರುಗಳು. ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂರುವುದರಲ್ಲೇ ಅರ್ಧ ಪಾಠ ಮುಗಿಯುತ್ತದೆ. ಇಂಗ್ಲಿಷ್ ಹೇಳಿಕೊಡುವವರು ಬೆನಕಪ್ಪ ಅಂತ. ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ನಾವೆಲ್ಲ ಎದ್ದು ನಿಂತು ‘ಸಾರ್’ ಅನ್ನಬೇಕು. ನಮ್ಮ ಉಳವಿಯಲ್ಲಿ ನಾನೇ ಇಂಗ್ಲಿಷಿನ ದೊರೆ. ಇಲ್ಲಿಗೆ ಬಂದಮೇಲೆ ಗೊತ್ತಾಯಿತು, ಹಾಳೂರಿಗೆ ಉಳಿದವನೇ ಗೌಡ.

ಹೋದ ಗುರುವಾರ ನಡೆದದ್ದನ್ನು ಹೇಳಬೇಕು. ಬೆನಕಪ್ಪನವರು ಒಂದು ಕನ್ನಡ ವಾಕ್ಯ ಕೊಟ್ಟರು: ‘ನಾನು ಅಕ್ಕನ ಮನೆಯಲ್ಲಿ ನಾಲ್ಕು ದಿನ ಕಳೆದೆ.’ ಇದನ್ನು ಇಂಗ್ಲಿಷಿಗೆ ತಿರುಗಿಸಿ ಎಂದರು. ನಾನು ಎಲ್ಲರಿಗಿಂತ ಮೊದಲು ಎದ್ದು, ‘ಐ ಲಾಸ್ಟ್ ಫೋರ್ ಡೇಸ್’ ಎಂದೆ. ಕೊಠಡಿಗೆ ಕೊಠಡಿಯೇ ನಕ್ಕಿತು. ‘ನೀವು ಹೇಳಿದ್ದು ದಿನ ಕಳಕೊಂಡೆ ಅಂತ ಆಯ್ತಲ್ರೀ ಸುಬ್ಬಪ್ಪನೋರೇ. ಅಲ್ಲಿ ಸ್ಪೆಂಡ್ ಅನ್ನಬೇಕು’ ಎಂದರು. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಸುಮ್ಮನಿರಲಿಲ್ಲ. ‘ಸ್ಪೆಂಡ್ ಅಂದ್ರೆ ಖರ್ಚು ಮಾಡೋದು ಸಾರ್, ಹನ್ನೊಂದು ವರ್ಷದಿಂದ ಹೇಳಿಕೊಡ್ತಿದೀನಿ’ ಎಂದು ವಾದಕ್ಕೆ ನಿಂತೆ. ‘ಖರ್ಚೂ ಹೌದು. ಆದ್ರೆ ಅವರ ಭಾಷೇಲಿ ದಿನಾನೂ ಖರ್ಚು ಮಾಡ್ತಾರೆ ಕಣ್ರೀ. ಯಾರ ಜೊತೆ ಇರಬೇಕು ಅನ್ಸುತ್ತೋ ಅವರ ಜೊತೆ’ ಎಂದು ಹೇಳಿ, ಬೋರ್ಡಿನ ಮೇಲೆ ಹತ್ತು ಸಲ ಬರೆಸಿದರು. ಆರನೇ ಸಲ ಬರೆಯುವಾಗ ನನ್ನ ಕೈ ನಿಂತುಹೋಯಿತು. ‘ಮುಂದಕ್ಕೆ ಬರೀರಿ’ ಎಂದರು. ಹೇಗೆ ಬರೆದೆನೋ ಗೊತ್ತಿಲ್ಲ.

ಅದಿರಲಿ. ಕಾರಹುಣ್ಣಿಮೆಯ ಮಾರನೆಯ ದಿನಕ್ಕೆ ನಿನ್ನ ಅವ್ವ ತೀರಿಕೊಂಡು ವರ್ಷ ತುಂಬುತ್ತದೆ. ಬಳ್ಳಿಗಾವಿಯಲ್ಲಿ ನಿನ್ನ ತಮ್ಮ ಗುತ್ಯಪ್ಪ ಎಡೆ ಇಡುತ್ತಾನೆ. ನಾನು ಹೊರಡುವ ದಿನ ಈ ಮಾತು ತೆಗೆದಾಗ ನೀನು ರಾಗಿ ಬೀಸುವುದನ್ನು ನಿಲ್ಲಿಸದೆ, ‘ದುಡ್ಡು ಕೇಳ್ದೋಳಿಗೆ ದುಡ್ಡು ಕಳ್ಸಿ ಆತಲ್ಲ. ಮತ್ತೆ ಎಡೆ ಎಂತಕ್ಕೆ?’ ಎಂದೆ. ಒಂದು ವರ್ಷದಿಂದ ನಿನ್ನ ಬಾಯಲ್ಲಿ ಅವ್ವ ಎಂಬ ಮಾತು ಬಂದಿಲ್ಲ. ಅವ್ವ ಹಳೇ ಸೀರೆಯಲ್ಲಿ ಹೊಲಿದು ಕೊಟ್ಟ ಕೌದಿಯನ್ನು ಅಟ್ಟಕ್ಕೆ ಹಾಕಿದ್ದೀ. ಮಣ್ಣಿಗೆ ಹೋದಾಗಲೂ ನೀನು ಅಳಲಿಲ್ಲ, ಬಾಗಿಲ ಹತ್ತಿರ ಕೂತು ಸಂಜೆ ಬಸ್ಸಿಗೆ ಎದ್ದು ಬಂದೆ. ಗುತ್ಯಪ್ಪನೂ ನೀನೂ ಒಂದು ಮಾತೂ ಆಡಲಿಲ್ಲ. ಅಕ್ಕತಮ್ಮ ಇಬ್ಬರದೂ ಒಂದೇ ಹಟ ಎಂದು ನಾನು ಅಂದುಕೊಂಡಿದ್ದೆ.

ಹೋದ ವರ್ಷ ತಂತಿ ಬಂದ ದಿನ ನಿನಗೆ ನೆನಪಿದೆ. ತಂತಿ ಅಂದರೆ ಸಾವಿನ ಸುದ್ದಿಯೇ ಎಂದು ನೀನು ಅಂಗಳದಲ್ಲೇ ಕುಸಿದು ಕೂತೆ. ನಾನು ಓದಿ ನೋಡಿ ನಕ್ಕುಬಿಟ್ಟೆ. ‘ಅಳಬ್ಯಾಡ ಕಣೇ, ನಿನ್ನವ್ವ ಖರ್ಚಿಗೆ ಕೇಳಿದಾಳೆ’ ಎಂದೆ. ‘ಹಂಗಾರೆ ನಾನೇ ಹೋಗಿ ಕೊಟ್ಟು ಬರ್ಲಾ?’ ಎಂದು ನೀನು ಕೇಳಿದೆ. ‘ಕೇಳಿದ್ದು ದುಡ್ಡನ್ನ, ನಿನ್ನನ್ನಲ್ಲ’ ಎಂದು ನಾನು ತಮಾಷೆ ಮಾಡಿ ಇಪ್ಪತ್ತು ರೂಪಾಯಿ ಮನಿಯಾರ್ಡರ್ ಮಾಡಿದೆ. ಅದಾದ ಎಂಟನೇ ದಿನ ಅವ್ವ ಹೋದರು.

ಈ ಭಾನುವಾರ ನಾನು ಬಳ್ಳಿಗಾವಿಗೆ ಹೋಗಿದ್ದೆ. ಗುತ್ಯಪ್ಪ ಮೊದಲು ಮುಖ ಕೊಡಲಿಲ್ಲ. ಆಮೇಲೆ ರೊಟ್ಟಿ ಹಾಕಿಸಿದ, ಎದುರು ಕೂತ, ತುಂಬ ಹೊತ್ತು ಮಾತಾಡಿದೆವು. ಅವನ ಕೋಪ ಇಳಿದಿದೆ. ‘ಅಕ್ಕನ್ನ ಕಳ್ಸಿಕೊಡ್ರೀ ಭಾವ’ ಎಂದು ಬಸ್ಸಿನವರೆಗೂ ಬಂದು ಹೇಳಿದ. ನೀನು ಹೋಗಬೇಕು ಹೂವಿ. ಗಂಡನಾಗಿ ಅಪ್ಪಣೆ ಮಾಡುತ್ತಿಲ್ಲ, ಕೈಮುಗಿದು ಕೇಳುತ್ತಿದ್ದೇನೆ.

ಅಪ್ಪಯ್ಯನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ಮನಸ್ಸು ತಣ್ಣಗಿರಲಿ, ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಡಲಿ.

ಇಂತು ನಿನ್ನ,
ಸುಬ್ಬಪ್ಪ

ಮರೆತ ಮಾತು — ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ತಂತಿಯಲ್ಲಿ ಇದ್ದದ್ದು ಇಷ್ಟು: ‘ಮದರ್ ವಾಂಟ್ಸ್ ಸ್ಪೆಂಡ್ ಡೇಸ್ ವಿತ್ ಯು.’ ಮೂರನೇ ಪದವನ್ನು ನಾನು ಖರ್ಚು ಎಂದು ಓದಿದೆ, ದಿನದ ಖರ್ಚಿಗೆ ನಿನ್ನಿಂದ ಬೇಕಂತೆ ಎಂದು ಉಳಿದದ್ದನ್ನೂ ಅದಕ್ಕೇ ಹೊಂದಿಸಿಕೊಂಡೆ. ಅದು ಖರ್ಚಲ್ಲ ಹೂವಿ. ‘ಅವ್ವನಿಗೆ ನಿನ್ನ ಜೊತೆ ನಾಲ್ಕು ದಿನ ಇರಬೇಕು ಅನ್ನಿಸಿದೆ’ ಎಂದು ಅದರ ಅರ್ಥ. ಅವ್ವ ದುಡ್ಡು ಕೇಳಿರಲೇ ಇಲ್ಲ. ನಿನ್ನನ್ನೇ ಕೇಳಿದ್ದು. ಹುಷಾರಿಲ್ಲ ಅಂತ ಬರೆಸಬ್ಯಾಡ, ಹೂವಿ ಹೆದರ್ತಾಳೆ ಎಂದು ಗುತ್ಯಪ್ಪನಿಗೆ ಅವರೇ ಹೇಳಿದ್ದರಂತೆ. ಅದಕ್ಕೇ ಅವನು ಅಷ್ಟು ಮಾತ್ರ ಹೇಳಿದ, ಅಂಚೆಯವರು ಅದನ್ನು ಇಂಗ್ಲಿಷ್ ಮಾಡಿದರು. ಮನಿಯಾರ್ಡರ್ ಬಂದಾಗ ಅವ್ವ ‘ಹೂವಿ ಯಾವಾಗ ಬರ್ತಾಳಂತೆ?’ ಎಂದು ಕೇಳಿದರಂತೆ. ‘ದುಡ್ಡು ಕಳ್ಸ್ಯಾರೆ ಬೇ’ ಎಂದನಂತೆ ಇವನು. ಅದಕ್ಕೆ ಅವ್ವ, ‘ಆಕೀಗೆ ಕೆಲ್ಸ ಇರ್ತೈತಿ. ಆ ದುಡ್ಡು ಮುರೀಬ್ಯಾಡ, ಆಕಿ ಬಂದಾಗ ಬಸ್ಸಿಗೆ ಬೇಕಾಗ್ತೈತಿ’ ಎಂದರಂತೆ. ಆಮೇಲೆ ಐದು ದಿನ, ಬಸ್ಸಿನ ಸದ್ದಾದಾಗಲೆಲ್ಲ ತಲೆ ಎತ್ತಿ ಬಾಗಿಲು ನೋಡುತ್ತಿದ್ದರಂತೆ.

ನಾನು ಹೇಳದೆ ಇದ್ದಿದ್ದರೆ ಇದು ನಿನಗೆ ಎಂದೂ ತಿಳಿಯುತ್ತಿರಲಿಲ್ಲ. ಆದರೆ ನಿನ್ನ ಸಿಟ್ಟು ಅವ್ವನ ಮೇಲೆ ಇರಬಾರದು. ಅದು ನನಗೆ ಸೇರಬೇಕಾದ್ದು, ನನಗೇ ಕೊಡು.

ಆ ಎರಡು ಹತ್ತರ ನೋಟುಗಳನ್ನು ಗುತ್ಯಪ್ಪ ಕೊಟ್ಟ, ಮುರಿಯದೆ ಹಾಗೇ ಇದ್ದವು. ಈ ಲಕೋಟೆಯಲ್ಲಿಟ್ಟಿದ್ದೇನೆ. ನಿನ್ನ ಜೊತೆಗೆ ನಾನೂ ಬರಲೇ ಎಂದು ಕೇಳುವ ಮುಖ ನನಗಿಲ್ಲ. ಅಟ್ಟದಿಂದ ಕೌದಿ ಇಳಿಸಿಕೋ, ಅವ್ವ ಇಟ್ಟ ದುಡ್ಡಿನಲ್ಲೇ ಬಸ್ಸಿಗೆ ಕೊಡು. ನಾಲ್ಕು ದಿನ ಇದ್ದು ಬಾ.