ಹಳೆಯ ಅಳತೆ

ಏ ಕಡ್ಡಿ,

ಇದನ್ನು ನಿನಗೆ ಕಳಿಸುವುದಿಲ್ಲ, ಹಾಗಾಗಿ ತಪ್ಪು ಬರೆದರೂ ಹೆದರಿಕೆಯಿಲ್ಲ. ಆದರೂ ಹೆದರಿಕೆಯೇ.

ನಿನ್ನ ಸ್ಕೂಲ್ ಅಂಗಿ ಬಿಗಿಯಾದದ್ದು ನನ್ನಿಂದ. ಚಿಕ್ಕಪ್ಪ ಅಳತೆಯ ಚೀಟಿಯನ್ನು ಬಟ್ಟೆಗೆ ಚುಚ್ಚಿಟ್ಟಿದ್ದರು. ಅದರಲ್ಲಿ ನಿನ್ನ ಹೆಸರು ಕಂಡದ್ದೇ ತಡ, ಮುಂದಕ್ಕೆ ಓದಲೇ ಇಲ್ಲ. ನಿನ್ನ ಅಳತೆ ನನಗೆ ಬಾಯಿಪಾಠ. ಎರಡು ವರ್ಷದ ಹಿಂದೆ, ನಾನು ಶಾಲೆ ಬಿಡುವ ಮೊದಲು, ನಾನೇ ಟೇಪು ಹಿಡಿದು ತೆಗೆದದ್ದಲ್ಲವಾ? ಅದೇ ಲೆಕ್ಕದಲ್ಲಿ ಕತ್ತರಿ ಹಾಕಿಬಿಟ್ಟೆ.

ಇವತ್ತು ನೀನು ಆ ಅಂಗಿ ಹಿಡಿದು ನಮ್ಮ ಟೈಲರ್ ಅಂಗಡಿ ಮೆಟ್ಟಿಲು ಹತ್ತುವುದನ್ನು ಕಂಡು ಪರದೆಯ ಹಿಂದೆ ನುಗ್ಗಿದೆ.

“ಏನ್ ಅಂಕಲ್, ನಾನಿನ್ನೂ ಏಳನೇ ಕ್ಲಾಸಲ್ಲೇ ಇದ್ದೀನಿ ಅಂದ್ಕೊಂಡ್ರಾ?” ಎಂದು ನೀನು ನಕ್ಕೆ. ಚಿಕ್ಕಪ್ಪನೂ ನಕ್ಕರು.

“ನಿಮ್ಮಣ್ಣನ ಮಗಳು ಕಾಣ್ತಿಲ್ವಲ್ಲ?”

ಚಿಕ್ಕಪ್ಪ ಪರದೆಯ ಕಡೆ ನೋಡಿದರು. ನಾನು ಸಂದಿಯಿಂದ ಬೇಡ ಬೇಡ ಎಂದು ಕೈ ಆಡಿಸಿದೆ.

“ಊರಿಗೆ ಹೋಗಿದಾಳಮ್ಮ.”

“ಹೌದಾ? ಬಂದ್ರೆ ನಾನು ಕೇಳ್ದೆ ಅಂತ ಹೇಳಿ.”

ನೀನು ಹೋದ ಮೇಲೆ ಚಿಕ್ಕಪ್ಪ, “ಏನೇ, ಅವಳೇನು ನಿನ್ನ ನುಂಗ್ತಿದ್ಲಾ?” ಎಂದು ಬೈದರು. ‘ಈಗ ಯಾವ ಸ್ಕೂಲು?’ ಎಂದು ನೀನು ಕೇಳಿಬಿಟ್ಟಿದ್ದರೆ ಏನು ಹೇಳುತ್ತಿದ್ದೆ, ನೀನೇ ಹೇಳು.

ಹೊಸ ಅಂಗಿ ಹೊಲಿದಿದ್ದೇನೆ. ಚೀಟಿಯನ್ನು ನಾಲ್ಕು ಸಲ ನೋಡಿದೆ. ಎಷ್ಟು ಬೆಳೆದಿದ್ದೀಯೇ! ಪಕ್ಕದ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ದೇನೆ. ಮುಂದಿನ ವರ್ಷ ಬಿಗಿಯಾದರೆ ಬಿಚ್ಚಿಸಲು ಇಲ್ಲಿಗೇ ಬರುತ್ತೀಯ. ಆಗಲಾದರೂ ಎದುರಿಗೆ ಬರುತ್ತೇನೆ ಎಂದು ಬರೆಯಲು ಹೋದರೆ ಕೈ ಓಡುತ್ತಿಲ್ಲ.