ತಂತಿಯ ಗೂಡು

ಹಿಂಜವಾಡಿ, ಪುಣೆ

ಬಸಮ್ಮಕ್ಕನಿಗೆ ತಂಗಿ ಶಾವಂತ್ರವ್ವನ ನಮಸ್ಕಾರ.

ನಿನ್ನೆ ಸಂಜೆ ಇಲ್ಲಿ ಬಿರುಗಾಳಿ, ಆಲಿಕಲ್ಲಿನ ಮಳೆ. ಕಲ್ಲು ಹೇರಿಟ್ಟಿದ್ದರೂ ನಮ್ಮ ಶೆಡ್ಡಿನ ತಗಡು ಹಾರಿಹೋಯಿತು. ಅದನ್ನು ಹಿಡಿಯಲು ಹೋಗಿ ಇವರ ಮೊಣಕೈ ತರಚಿದೆ, ಅರಿಶಿನ ಹಚ್ಚಿದ್ದೇನೆ, ಚಿಂತೆ ಮಾಡಬೇಡ.

ಎದುರಿನ ಗುಲ್‌ಮೊಹರ್ ಮರದಲ್ಲಿ ಒಂದು ಕಾಗೆ ಗೂಡು ಹೆಣೆದಿದೆ. ಎಲ್ಲಾ ಇವರು ಕಟ್ಟಡದ ಕೆಲಸದಲ್ಲಿ ಕಬ್ಬಿಣದ ಸರಳು ಬಿಗಿಯುವ ತಂತಿಯ ತುಂಡುಗಳೇ, ಕದ್ದೊಯ್ದದ್ದು. "ಮರಿ ಹಾರಿ ಹೋಗ್ಲಿ ತಡಿ, ಆ ಕಳ್ಳಿ ಗೂಡು ಕಿತ್ತು ನನ್ನ ತಂತಿ ತರ್ತೀನಿ" ಎಂದು ಇವರು ದಿನಾ ಬೈಯುತ್ತಿದ್ದರು. ನಿನ್ನೆಯ ಗಾಳಿಗೆ ಕೊಂಬೆಗಳು ಮುರಿದವು, ಬೇರೆ ಹಕ್ಕಿಗಳ ಗೂಡು ನೆಲಕ್ಕೆ ಬಿದ್ದು ಮರಿ ಸತ್ತವು, ಪಾಪ. ಈ ಕಾಗೆ ಮಾತ್ರ ಬೆನ್ನ ಮೇಲೆ ಆಲಿಕಲ್ಲು ಬೀಳುತ್ತಿದ್ದರೂ ರೆಕ್ಕೆ ಹರಡಿಕೊಂಡು ಕುಳಿತೇ ಇತ್ತು. ಮಳೆ ನಿಂತು ಮರಿಗಳ ಕೂಗು ಕೇಳಿದಾಗ ನಿಂತಲ್ಲೇ ಎಲ್ಲಮ್ಮ ತಾಯಿಗೆ ಕೈ ಮುಗಿದೆ. ತಿಥಿಗೆ ಮಾತ್ರ ಕರೆಯುವ ಹಕ್ಕಿಗೆ ಇವತ್ತು ದೇವರ ಎಡೆಯ ರೊಟ್ಟಿಯನ್ನೇ ಇಟ್ಟೆ.

"ನಾ ಕಲ್ಲಿಟ್ಟಿದ್ದು ಹಾರಿ ಹೋತು, ಅಕಿ ತಂತಿ ಹೆಣೆದಿದ್ದು ನಿಂತದ" ಎಂದು ಇವರೂ ಹಾರಿದ ತಗಡನ್ನು ಹುಡುಕಿ ತಂದು ತಂತಿಯಿಂದ ಬಿಗಿದರು. ಉಳಿದ ತುಂಡುಗಳನ್ನು ತಾವೇ ಮರದ ಬುಡದಲ್ಲಿಟ್ಟು ಬಂದರು.

ಕಾರ್ಡು ತುಂಬಿತು, ಮಂಡಿಗೆ ಎಣ್ಣೆ ಹಚ್ಚಿಕೋ.

ಶಾವಂತ್ರಿ