ಎನ್.ಆರ್. ಪುರದ ನಿಯಮ

ವೀರಪ್ಪ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಈ ಕಾಗದ ಹಾಕಲು ವಿಳಾಸವಿಲ್ಲ. ಆದರೂ ನಿನ್ನೆ ನಡೆದದ್ದನ್ನು ನಿನಗೇ ತಿಳಿಸಬೇಕು.

ನಿನ್ನ ಮಗಳು ಸುಮನಾ ಬಾಳಗಡಿಯ ಕಾಲೇಜಿನಲ್ಲಿ ನಮ್ಮ ಹುಲಿ-ಕುರಿ ಆಟವನ್ನು ಕಂಪ್ಯೂಟರಿಗೆ ತಂದಿದ್ದಾಳೆ. ಆಡಿ ನೋಡಲು ನನ್ನನ್ನು ಕರೆದಿದ್ದಳು. ಮೂರು ಹುಲಿ ನನ್ನವು, ಹದಿನೈದು ಕುರಿ ಕಂಪ್ಯೂಟರಿನವು. ಶುರುವಿನಲ್ಲೇ ಅದು ಕೇಳಿತು: ಕೊಪ್ಪದ ನಿಯಮವೋ, ಎನ್.ಆರ್. ಪುರದ ನಿಯಮವೋ? ನಮ್ಮ ಕೊಪ್ಪದಲ್ಲಿ ಕುರಿಗಳನ್ನೆಲ್ಲ ಮಣೆಗೆ ಇಳಿಸುವವರೆಗೆ ಒಂದನ್ನೂ ಸರಿಸುವಂತಿಲ್ಲ. ನಿಮ್ಮ ಎನ್.ಆರ್. ಪುರದಲ್ಲಿ ಸರಿಸಬಹುದು. ನಾನು ನಿಮ್ಮದನ್ನು ಒತ್ತಿದೆ. ಮೂರು ಆಟದಲ್ಲೂ ಸೋತೆ. ಇಳಿಸಲು ಇನ್ನೂ ಕುರಿಗಳಿದ್ದರೂ ಮಣೆಯ ಮೇಲಿನದನ್ನೇ ಒಂದು ಹೆಜ್ಜೆ ಸರಿಸಿ ಹುಲಿಯ ದಾರಿ ಮುಚ್ಚುವುದು ಥೇಟ್ ನಿನ್ನ ಆಟ. ಎಷ್ಟು ಚೆನ್ನಾಗಿ ಆಡುತ್ತಿದ್ದೆ ಮಾರಾಯ!

“ಎಂತ ಮಾವ, ಹುಲಿ ಮೂಲೆ ಸೇರಿತಲ್ಲ!” ಎಂದು ನಕ್ಕಳು. ಆಮೇಲೆ ಕೇಳಿದಳು: “ಅವತ್ತು ಆಟದಲ್ಲಿ ನೀವು ಎಲ್ಲರೆದುರು ಅಪ್ಪಂಗೆ ಮೋಸಗಾರ ಅಂದ್ರಂತೆ. ಅಪ್ಪ ಮೋಸ ಮಾಡಿದ್ರಾ?”

ಅದಾದ ಮೇಲೆ ನೀನು ಹೋಗುವವರೆಗೂ ಹನ್ನೊಂದು ವರ್ಷ ನಾನೂ ನೀನೂ ಮಾತಾಡಲಿಲ್ಲ ಎಂಬುದು ಅವಳಿಗೂ ಗೊತ್ತು.

“ಇಲ್ಲ ಮಗ. ಅವನ ಊರಲ್ಲಿ ಹಾಗೇ ಆಡೋದು. ನಂಗೆ ಗೊತ್ತಿರ್ಲಿಲ್ಲ. ನಾನು ಕೇಳೂ ಇಲ್ಲ.”

ಅವಳು ಕಂಪ್ಯೂಟರಿನ ನಿಯಮದ ಪುಟ ತೆರೆದು, “ವೀರಪ್ಪನವರು ಆಡಿದ್ದು ಸರಿಯಾದ ಆಟ” ಎಂದು ಟೈಪ್ ಮಾಡಿದಳು.

“ಹೇಳಿದ್ದು ಯಾರು ಅಂತ ಹಾಕ್ಲಾ, ಬೇಡ್ವಾ?”

“ಹಾಕು” ಎಂದೆ. ಊರಿನ ಸಮೇತ ಬರೆಸಿದೆ: ತಿಮ್ಮಪ್ಪ, ಕೊಪ್ಪ.